ಆಂಜನಮ್ಮನಿಗೆ ಇಷ್ಟವಾದದ್ದು

"ನಿಮಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ಆಗೋದು ಯಾವುದಮ್ಮ?" ಎಂದು ಡಾಕ್ಟರ್ ಸೃಷ್ಟಿ ಕೇಳಿದಾಗ ಆಂಜನಮ್ಮ ಹಿಂದೆಮುಂದೆ ನೋಡದೆ, "ಹಿತಕಿದ ಅವರೆಬೇಳೆ ಸಾರು" ಎಂದುಬಿಟ್ಟಳು.

ಪಕ್ಕದ ಕುರ್ಚಿಯಲ್ಲಿ ಏಳು ತಿಂಗಳ ಹೊಟ್ಟೆ ಹೊತ್ತು ಕೂತಿದ್ದ ಮಗಳು ಧನಲಕ್ಷ್ಮಿ ಹಣೆ ಚಚ್ಚಿಕೊಂಡಳು. "ಅಮ್ಮಾ, ಅವ್ರು ಊಟ ಕೇಳ್ತಿಲ್ಲ. ಮಾತ್ರೆ, ಸಿರಪ್ಪು, ಇಂಜೆಕ್ಷನ್ನು, ಅಂಥದ್ರಲ್ಲಿ ಯಾವುದು ಅಂತ."

"ಅಂಥದ್ದೆಲ್ಲ ನಂಗ್ಯಾಕೆ ಇಷ್ಟ ಆಗ್ತದೆ? ನನ್ನ ಮಂಡಿ ನೋವಿಗೆ ದೊಡ್ಡ ಆಸ್ಪತ್ರೆ ಡಾಕ್ಟ್ರೇ ಬರ್ಕೊಟ್ಟಿದ್ದು ಆ ಮಾತ್ರೆ."

ಡಾಕ್ಟರಿಗೆ ಈ ಉತ್ತರ ಹೊಸದೇನಲ್ಲವೆಂದು ಕಾಣುತ್ತದೆ, ಮುಖದ ನಗು ಮಾಸಲಿಲ್ಲ. "ಇಲ್ಲಿ ಬರೋರಿಗೆಲ್ಲ ಮೊದಲು ಇದನ್ನೇ ಕೇಳ್ತೀವಿ. ಕೈಗೆ ಸಿಕ್ಕಿದ್ದು ತಗೊಳ್ಳೋದು ಬೇರೆ, ಇದೇ ಬೇಕು ಅನ್ಸೋದು ಬೇರೆ. ಯೋಚನೆ ಮಾಡಿ ಹೇಳಿ, ಅರ್ಜೆಂಟೇನಿಲ್ಲ."

ಯೋಚನೆ ಮಾಡುವುದಕ್ಕೆ ಅದರಲ್ಲೇನಿತ್ತು? ಉತ್ತರ ಆಂಜನಮ್ಮನ ನಾಲಿಗೆಯ ತುದಿಯಲ್ಲೇ ಕೂತಿತ್ತು. ಆದರೆ ಇಷ್ಟು ವರ್ಷ ಯಾರಾದರೂ ಅವಳನ್ನು ನಿನಗೇನು ಇಷ್ಟ ಎಂದು ಕೇಳಿದ್ದರೆ ತಾನೇ ಹೇಳಿ ಅಭ್ಯಾಸ? ಗಂಡ ರಾಮಾಂಜಿನಪ್ಪನಿಗೆ ಮುದ್ದೆ ಗಟ್ಟಿಯಿರಬೇಕು, ಮಗಳಿಗೆ ಸಾರಿನಲ್ಲಿ ಹುಳಿ ಮುಂದಿರಬೇಕು, ಬಾಡಿಗೆ ಮನೆಯವರಿಗೆ ನೀರು ಬೆಳಿಗ್ಗೆಯೇ ಬಿಡಬೇಕು. ಎಲ್ಲರ ಇಷ್ಟವೂ ಅವಳಿಗೆ ಬಾಯಿಪಾಠ. ತನ್ನದನ್ನು ಹೇಳು ಎಂದಾಗ ಮಾತ್ರ ಅವರೆಬೇಳೆಯ ಹಿಂದೆ ಅವಿತುಕೊಂಡಳು.

ಇಲ್ಲಿಗೆ ಬಂದದ್ದೇ ಅವಳಿಗೆ ಇಷ್ಟವಿರಲಿಲ್ಲ. ಬೆನ್ಸನ್ ಟೌನಿನ ಹಳೆಯ ಬಂಗಲೆ, ಗೇಟಿನ ಮೇಲೆ ಬೋರ್ಡೂ ಇಲ್ಲ, ಒಳಗೆ ಚಟ ಬಿಡಿಸುವ ಆಸ್ಪತ್ರೆ. ಕಲ್ಕೆರೆಯಲ್ಲಿ ನಾಲ್ಕು ತಲೆಮಾರಿನಿಂದ ಹೊಲ ಉತ್ತವರ ಮನೆ ಹೆಂಗಸು, ಈಗ ಆ ಹೊಲದ ಮೇಲೆಯೇ ಎದ್ದ ಮೂರಂತಸ್ತಿನ ಮನೆಯ ಯಜಮಾನಿ, ಇಂಥ ಕಡೆ ಕಾಲಿಡುವುದೆಂದರೇನು? ಬಂದಳು, ಯಾಕೆಂದರೆ ಮಗಳು ಷರತ್ತು ಹಾಕಿದ್ದಳು. ಆಂಜನಮ್ಮ ಮಾತ್ರೆ ಬಿಡಲು ಔಷಧಿ ಶುರುಮಾಡಿದರೆ ಬಾಣಂತನ ಕಲ್ಕೆರೆಯ ತವರಲ್ಲಿ. ಇಲ್ಲವಾದರೆ ಕಮ್ಮನಹಳ್ಳಿಯ ಅತ್ತೆ ಮನೆಯಲ್ಲೇ. ಮಗಳ ಬಾಣಂತನ ಮಾಡದ ತಾಯಿಯನ್ನು ಅವಳ ಬೀದಿಯಲ್ಲಿ ಯಾರೂ ಎದುರಿಗೆ ಏನೂ ಅನ್ನುವುದಿಲ್ಲ. ಹಿಂದೆ ಅನ್ನುತ್ತಾರೆ, ಬೇಕಾದಷ್ಟು. ಅದಕ್ಕೂ ಮಿಗಿಲಾಗಿ ಆಂಜನಮ್ಮನಿಗೆ ಆ ಮಗು ಬೇಕಿತ್ತು. ಕಾಲು ಚಾಚಿ ಕೂತು, ಎಳೆ ಮೈಯನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಹದವಾದ ಬಿಸಿನೀರು ಹುಯ್ಯಬೇಕಿತ್ತು. ಅವಳಮ್ಮ ಮಾಡಿದ್ದು ಅದನ್ನೇ, ಅವಳ ಅಜ್ಜಿ ಮಾಡಿದ್ದೂ ಅದನ್ನೇ.

ಮೊದಲ ಮೊಮ್ಮಗ ಲಿಖಿತ್‌ಗೆ ಹೀಗೇ ನೀರು ಹಾಕುವಾಗ ಅದು ಆಗಿದ್ದು. ಮಗುವಿನ ಬೆನ್ನಿಗೆ ನೀರು ಹುಯ್ಯುತ್ತಿದ್ದ ಆಂಜನಮ್ಮನ ತಲೆ ಹಾಗೆಯೇ ಎದೆಯ ಮೇಲೆ ವಾಲಿತು. ಚೊಂಬು ಕೈಯಿಂದ ಜಾರಿ ಬಚ್ಚಲಲ್ಲಿ ಉರುಳಿತು. ಎಣ್ಣೆ ಮೈಯ ಮಗು ಕಾಲಿನಿಂದ ಪಕ್ಕಕ್ಕೆ ಸರಿದು ಮುಖ ಕೆಳಗಾಗಿ ನೀರಿಗೆ ಬಿತ್ತು. ಟವೆಲ್ ಹಿಡಿದು ಬಾಗಿಲಲ್ಲಿ ನಿಂತಿದ್ದ ಧನಲಕ್ಷ್ಮಿ ನುಗ್ಗಿ ಎತ್ತಿಕೊಳ್ಳದಿದ್ದರೆ ಏನಾಗುತ್ತಿತ್ತೋ. ಏನೂ ಆಗಲಿಲ್ಲ. ಅಜ್ಜಿಗೆ ಸುಸ್ತು ಎಂದು ಎಲ್ಲರೂ ಅಂದರು, ಧನಲಕ್ಷ್ಮಿಯೂ ಅಂದಳು. ನಂತರ ಹಿಟ್ಟಿನ ಡಬ್ಬ, ದೇವರ ಗೂಡು, ದಿಂಬಿನ ಕವರು, ಎಲ್ಲೆಂದರಲ್ಲಿ ಖಾಲಿ ಮಾತ್ರೆ ಪಟ್ಟಿಗಳು ಸಿಗತೊಡಗಿದ ಮೇಲೆ ಅವಳು ಆ ಮಾತು ಅನ್ನುವುದನ್ನು ಬಿಟ್ಟಳು.

"ಈಗ ಸರಿಯಾಗಿ ಕೇಳಿಸ್ಕೊಳ್ಳಿ," ಎಂದು ಡಾಕ್ಟರ್ ಸೃಷ್ಟಿ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. "ನಾವು ಕೊಡೋ ಔಷಧಿ ನಾಲಿಗೆ ಕೆಳಗೆ ಇಟ್ಕೊಳ್ಳೋದು. ಹಳೇ ಮಾತ್ರೆ ಮೈಯಿಂದ ಇಳಿದ ಮೇಲೆ ಕೊಟ್ರೆ ಆರಾಮ ಆಗುತ್ತೆ. ಇಳಿಯೋಕ್ಕೆ ಮುಂಚೆನೇ ಕೊಟ್ರೆ, ಒಳಗಿರೋದನ್ನ ಒಂದೇ ಸಲಕ್ಕೆ ಒದ್ದು ಓಡಿಸಿಬಿಡುತ್ತೆ. ವಾಂತಿ, ಭೇದಿ, ನಡುಕ. ನಿಮಗೆ ಬಿ.ಪಿ. ಬೇರೆ ಇದೆ. ಅದಕ್ಕೇ ನಿನ್ನೆ ಮಧ್ಯಾಹ್ನದಿಂದ ಏನೂ ತಗೋಬೇಡಿ ಅಂತ ಫೋನಲ್ಲೇ ಹೇಳಿದ್ದು. ಕೊನೇ ಸಲ ತಗೊಂಡಿದ್ದು ಯಾವಾಗ?"

"ನಿನ್ನೆ ಮಧ್ಯಾಹ್ನ," ಎಂದಳು ಆಂಜನಮ್ಮ.

ತಲೆಯ ಮೇಲೆ ಹೊಡೆದ ಹಾಗಿನ ಸುಳ್ಳು. ಅವತ್ತು ಬೆಳಿಗ್ಗೆಯೇ, ಮಗಳು ಏಳುವ ಮುಂಚೆ, ರಾಗಿ ಡಬ್ಬದ ತಳದಲ್ಲಿ ಉಳಿದಿದ್ದ ಕೊನೆಯ ಎರಡನ್ನು ಕಾಫಿಯ ಜೊತೆ ನುಂಗಿ ಬಂದಿದ್ದಳು.

"ಗ್ಯಾರಂಟಿ ಮೇಡಂ," ಎಂದು ಧನಲಕ್ಷ್ಮಿ ಪಕ್ಕದಿಂದ ಸೇರಿಸಿದಳು. "ನಾನೇ ನಿನ್ನೆ ಬಂದು ಮನೆಯೆಲ್ಲ ಜಾಲಾಡಿ ಎಲ್ಲಾನೂ ಬಿಸಾಕಿದ್ದೀನಿ. ರಾತ್ರಿ ಪಕ್ಕದಲ್ಲೇ, ಅವಳ ಸೆರಗು ಕೈಗೆ ಸುತ್ಕೊಂಡೇ ಮಲಗಿದ್ದೆ. ನಂದು ಗ್ಯಾರಂಟಿ."

ಡಾಕ್ಟರು ಆಂಜನಮ್ಮನ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದಳು, ಏನೋ ಅನುಮಾನದಲ್ಲಿ ತುಟಿ ಒತ್ತಿಕೊಂಡಳು. "ಯೂರಿನ್ ಕೊಟ್ಟು ಹೊರಗಡೆ ಕೂತಿರಿ. ಆಕಳಿಕೆ, ಮೂಗು ಸೋರೋದು, ಮೈ ಜುಂ ಅನ್ನೋದು ಶುರುವಾದ್ರೆ ಸಿಸ್ಟರ್‌ಗೆ ಹೇಳಿ. ಅವೆಲ್ಲ ಬಂದ್ರೆನೇ ಔಷಧಿ."

ಹೊರಗಿನ ವರಾಂಡದಲ್ಲಿ ಉದ್ದನೆಯ ಬೆಂಚು. ಆ ಬೆಂಚಿನ ಮೇಲೆ ಕೂತವರೊಬ್ಬರಿಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಬ್ಬ ಎದ್ದು ಗೇಟಿನವರೆಗೆ ಹೋಗಿ ವಾಪಸ್ಸು ಬಂದ, ಇನ್ನೊಬ್ಬ ಶರ್ಟಿನ ತೋಳನ್ನು ಮಡಿಸಿ ಬಿಚ್ಚಿ ಮತ್ತೆ ಮಡಿಸಿದ, ಮತ್ತೊಬ್ಬನ ಕಾಲು ಹೊಲಿಗೆ ಮಷೀನು ತುಳಿದ ಹಾಗೆ ಒಂದೇ ಸಮನೆ ಅಲ್ಲಾಡುತ್ತಿತ್ತು. ಧನಲಕ್ಷ್ಮಿಗೆ ಒಳಗೆ ಫ್ಯಾನಿನ ಕೆಳಗೆ ಕುರ್ಚಿ ಸಿಕ್ಕಿತು. ಆಂಜನಮ್ಮ ಬೆಂಚಿನ ತುದಿಯಲ್ಲಿ, ಯಾರ ಬಟ್ಟೆಯೂ ತಗುಲದಂತೆ ಸೀರೆ ಒತ್ತರಿಸಿಕೊಂಡು ಕೂತಳು.

ಕೂತು ಸ್ವಲ್ಪ ಹೊತ್ತಿಗೇ ಅವಳಿಗೊಂದು ವಿಷಯ ಗೊತ್ತಾಯಿತು. ಹಾಳಾದ ಬೆಂಚಿನ ಮೇಲೂ ಮೇಲುಕೀಳು ಇತ್ತು. ಒಳಗೆ ಡಾಕ್ಟರ ಮುಂದೆ ಬಾಯಿ ಬಿಡದವರು ಇಲ್ಲಿ ಒಬ್ಬರಿಗೊಬ್ಬರು ನಿಂದ್ಯಾವುದು ಎಂದು ಕೇಳಿ ಅಳೆಯುತ್ತಿದ್ದರು. ಕೆಮ್ಮಿನ ಸಿರಪ್ಪಿನವನು, ಅದು ಮಕ್ಕಳಿಗೂ ಕೊಡುವ ಔಷಧಿ ತಾನೇ ಎಂದು ಎದೆಯುಬ್ಬಿಸಿ ಕೂತಿದ್ದ. ಇಂದಿರಾನಗರದ ಆಫೀಸಿನಿಂದ ರಜೆ ಹಾಕಿ ಬಂದಿದ್ದ ಮಾತ್ರೆಯವನು, ತನಗೆ ಹೊಗೆ ಎಂದರೆ ವಾಕರಿಕೆ ಎಂದ. ಬ್ರೌನ್ ಶುಗರಿನ ಹೊಗೆ ಎಳೆಯುವವನು, ತಾನು ಇವತ್ತಿನವರೆಗೆ ಸೂಜಿ ಮುಟ್ಟಿಲ್ಲವೆಂದು ಆಣೆ ಇಟ್ಟ. ಸೂಜಿ ಚುಚ್ಚಿಕೊಳ್ಳುವವನಿಗೆ ತನಗಿಂತ ಕೆಳಗೆ ಯಾರೂ ಸಿಗದೆ, ಅವನು ಸುಮ್ಮನೆ ತೋಳು ಮುಚ್ಚಿಕೊಂಡ. ಆಂಜನಮ್ಮ ಮನಸ್ಸಿನಲ್ಲೇ ತನ್ನನ್ನು ಸಿರಪ್ಪಿನವನಿಗಿಂತಲೂ ಮೇಲೆ ಕೂರಿಸಿಕೊಂಡಳು. ಅವಳ ಹತ್ತಿರ ಡಾಕ್ಟರ ಚೀಟಿಯಿತ್ತಲ್ಲ! ಆ ಚೀಟಿ ಹಳೆಯದಾಗಿ, ಅಕ್ಷರ ಅಳಿಸಿ, ಮೆಡಿಕಲ್ ಅಂಗಡಿಯವನು ಅದನ್ನು ಕೇಳುವುದನ್ನೇ ಬಿಟ್ಟು ಎಷ್ಟೋ ಕಾಲವಾಗಿತ್ತು, ಆ ಮಾತು ಬೇರೆ.

"ಅಮ್ಮಾ, ನಿಮ್ದು ಯಾವ್ದು?" ಎಂದು ಪಕ್ಕದಲ್ಲಿದ್ದವನು ಕೇಳಿದ. ಅವನೇ ಆ ಬ್ರೌನಿನವನು. ಹೆಸರು ನಯಾಜ್, ಶಿವಾಜಿನಗರದಲ್ಲಿ ಬೈಕ್ ಸೀಟು ಹೊಲಿಯುವ ಕೆಲಸ. ಮೂಗು ಸೋರುತ್ತಿತ್ತು, ಅದನ್ನು ಕರ್ಚೀಫಿನಿಂದ ಒತ್ತಿ ಒತ್ತಿ ಕೆಂಪು ಮಾಡಿಕೊಂಡಿದ್ದ.

"ನಂದು ಮಂಡಿ ನೋವು," ಎಂದು ಆಂಜನಮ್ಮ ಮೂಗು ಮುರಿದಳು.

ನಯಾಜ್ ನಕ್ಕ. ಅಣಕದ ನಗುವಲ್ಲ, ಗೊತ್ತಿರುವವರ ನಗು. "ನಂಗೆ ಮಾತ್ರೆನೂ ನಡೀತದೆ, ಸಿರಪ್ಪೂ ನಡೀತದೆ. ಏನೂ ಸಿಗ್ದಿದ್ರೆ ಏನಾದ್ರೂ ಸರಿ. ಆದ್ರೆ ದಿಲ್ ಮಾತ್ರ ಬ್ರೌನ್ ಮೇಲೆನೇ. ಡಾಕ್ಟರ್ ಮೇಡಂಗೂ ಅದೇ ಹೇಳ್ದೆ. ಸುಳ್ಳು ಹೇಳಿ ಏನ್ ಫಾಯ್ದಾ?"

ಇಷ್ಟು ಹೇಳಿ ಅವನು ದವಡೆ ಕಳಚುವಷ್ಟು ದೊಡ್ಡದಾಗಿ ಆಕಳಿಸಿದ. ಆಂಜನಮ್ಮನೂ ಆಕಳಿಸಿದಳು. ಆಕಳಿಕೆ ಬಂದರೇನೇ ಔಷಧಿ ಎಂದು ಡಾಕ್ಟರು ಹೇಳಿದ್ದು ನೆನಪಾಗಿ ಇನ್ನೊಂದು ಆಕಳಿಸಿದಳು, ಸಿಸ್ಟರ್ ಈ ಕಡೆ ನೋಡಿದಾಗ ಮತ್ತೂ ಒಂದು. ಸೆರಗಿನಿಂದ ಮೂಗು ಒರೆಸಿಕೊಂಡಳು, ಅಲ್ಲಿ ಒರೆಸಲು ಏನೂ ಇರಲಿಲ್ಲ. ಎಲ್ಲವೂ ನಾಟಕವೆಂದರೂ ತಪ್ಪಾದೀತು. ಮಾಮೂಲಿನಂತೆ ಆಗಿದ್ದರೆ ಇಷ್ಟು ಹೊತ್ತಿಗೆ ಅವಳು ಇನ್ನೊಂದೆರಡು ನುಂಗಿರಬೇಕಿತ್ತು. ಒಳಗೊಳಗೇ ಏನೋ ಕಾಲು ಕೆದರತೊಡಗಿತ್ತು. ಎದ್ದಳು, ಕಂಬದವರೆಗೆ ಹೋದಳು, ಬಂದು ಕೂತಳು. ಬಳೆಗಳನ್ನು ಮೊಣಕೈವರೆಗೆ ಏರಿಸಿದಳು, ಇಳಿಸಿದಳು. ಚಪ್ಪಲಿ ಬಿಟ್ಟಳು, ಮೆಟ್ಟಿದಳು.

ನಯಾಜ್ ಅವಳ ಮುಖವನ್ನೇ ನೋಡುತ್ತಿದ್ದ. "ಅಮ್ಮಾ, ಒಂದ್ ಮಾತು ಹೇಳ್ಲಾ? ಬೇಜಾರಾಗ್ಬೇಡಿ. ನಿಮ್ ಕಣ್ಣಿನ ಕಪ್ಪು ಇನ್ನೂ ಸಾಸಿವೆ ಕಾಳಷ್ಟೇ ಇದೆ. ಏನೂ ತಗೊಳ್ದೆ ಇದ್ರೆ ಅದು ಇಷ್ಟು ದಪ್ಪ ಆಗ್ಬೇಕು, ನೋಡಿ ನಂದು."

"ನಿಂಗ್ಯಾಕಯ್ಯ ಅದೆಲ್ಲ?"

"ಹೋದ್ ಸಲ ನಾನೂ ಹಂಗೇ ಮಾಡ್ದೆ ಅಮ್ಮ. ಬೆಳಿಗ್ಗೆ ಒಂದು ಎಳ್ಕೊಂಡು ಬಂದು, ನಿನ್ನೇದು ಅಂತ ಹೇಳ್ದೆ. ಸಿಸ್ಟರ್ ನಾಲಿಗೆ ಕೆಳಗೆ ಇಟ್ರು. ಒಂದ್ ಚಾ ಕುಡಿಯೋಷ್ಟು ಹೊತ್ತು ಆಗಿಲ್ಲ, ಮೈಮೇಲಿನ ಚರ್ಮ ಸುಲಿದು ಉಪ್ಪು ಹಚ್ಚಿದಂಗೆ ಆಯ್ತು. ಅಲ್ಲಾ ಕಸಮ್, ಇಲ್ಲೇ ಈ ನೆಲದ ಮೇಲೆ ಹೊರಳಾಡಿದೀನಿ. ಔಷಧಿನೇ ಖರಾಬು ಅಂತ ಓಡೋದೆ. ಮತ್ತೆ ಬರೋಕೆ ಒಂದ್ ವರ್ಷ ಆಯ್ತು." ಅವನು ತಲೆ ಕೊಡವಿದ. "ಔಷಧಿದು ತಪ್ಪಿರ್ಲಿಲ್ಲ."

ಆಂಜನಮ್ಮ ಅವನ ಕಡೆ ಬೆನ್ನು ತಿರುಗಿಸಿ ಕೂತಳು. ಸೀಟು ಹೊಲಿಯುವವನ ಹತ್ತಿರ ಬುದ್ಧಿ ಹೇಳಿಸಿಕೊಳ್ಳಬೇಕೇ ಎಂದು ಉರಿದುಕೊಂಡಳು. ಉರಿಯ ಕೆಳಗೆ ಭಯವೂ ಇತ್ತು, ಅದನ್ನು ಒಪ್ಪಿಕೊಳ್ಳಲಿಲ್ಲ.

ಆಗ ಸಿಸ್ಟರ್ ಖುರ್ಷೀದಾ ತಾಯಿ ಮಗಳಿಬ್ಬರನ್ನೂ ಒಳಗೆ ಕರೆದಳು. ಡಾಕ್ಟರ ಮೇಜಿನ ಮೇಲೆ ಮೂತ್ರ ಪರೀಕ್ಷೆಯ ಪಟ್ಟಿ ಇತ್ತು. ಡಾಕ್ಟರ ಮುಖದಲ್ಲಿ ಮೊದಲಿನ ನಗು ಇರಲಿಲ್ಲ.

"ಈ ಪಟ್ಟಿ ನೋಡಿ. ಗೆರೆ ಮೂಡಿದ್ರೆ ಮೈಯಲ್ಲಿ ಆ ವಸ್ತು ಇಲ್ಲ, ಮೂಡದಿದ್ರೆ ಇದೆ ಅಂತ. ಮಾತ್ರೇದು ಗೆರೆ ಇಲ್ಲ, ಅದು ಗೊತ್ತಿದ್ದಿದ್ದೇ, ಒಂದೆರಡು ದಿನ ತೋರಿಸುತ್ತೆ. ಆದ್ರೆ ಇಲ್ಲೂ ಗೆರೆ ಇಲ್ಲ. ಇದು ಅಫೀಮಿನ ಜಾತಿದು. ಬ್ರೌನ್ ಶುಗರ್ ತಗೊಂಡ್ರೂ ಹೀಗೇ ಬರುತ್ತೆ."

ಆಂಜನಮ್ಮನಿಗೆ ಎಲ್ಲಿಲ್ಲದ ಕೋಪ ಬಂತು. "ನಾನಾ? ಬ್ರೌನಾ? ಏನಮ್ಮ ನೀವು ಹೇಳೋದು! ನಮ್ಮನೆ ದೇವರಾಣೆಗೂ ಅದರ ಬಣ್ಣ ಕೂಡ ನೋಡಿಲ್ಲ ನಾನು. ಹೊರಗಡೆ ಕೂತಿರೋ ಆ ಹುಡುಗಂದು ಬಾಟ್ಲಿ ನಂದಕ್ಕೆ ಅದಲುಬದಲಾಗಿರ್ಬೇಕು, ಸರಿಯಾಗಿ ನೋಡಿ!"

ಧನಲಕ್ಷ್ಮಿ ಕೂಗಲಿಲ್ಲ. ಮುಖ ಬಿಳಿಚಿಕೊಂಡು, "ಅಮ್ಮಾ, ಇನ್ನೂ ಏನೇನ್ ಮುಚ್ಚಿಟ್ಟಿದೀಯಾ?" ಎಂದಳು, ಅಷ್ಟೇ. ಮಾಡದ ತಪ್ಪಿಗೆ ಸಿಕ್ಕಿಬಿದ್ದವರ ಸಂಕಟ ಎಂಥದ್ದೆಂದು ಆಂಜನಮ್ಮನಿಗೆ ಆಗ ಗೊತ್ತಾಯಿತು. ಮಾಡಿದ ತಪ್ಪು ಅಲ್ಲೇ ಪಕ್ಕದಲ್ಲಿ ತೆಪ್ಪಗೆ ಕೂತಿತ್ತು.

ಡಾಕ್ಟರ್ ಸೃಷ್ಟಿ ಪಟ್ಟಿಯನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದಳು. "ನಿನ್ನೆ ರಾತ್ರಿ ಊಟಕ್ಕೇನಿತ್ತು?"

"ಮುದ್ದೆ, ಸೊಪ್ಪಿನ ಸಾರು," ಎಂದಳು ಧನಲಕ್ಷ್ಮಿ. "ಆಮೇಲೆ ಪಾಯಸ. ಗಸಗಸೆ ಪಾಯಸ."

ಡಾಕ್ಟರು ಪಟ್ಟಿಯನ್ನು ಮೇಜಿನ ಮೇಲೆ ಹಾಕಿ ಜೋರಾಗಿ ನಕ್ಕುಬಿಟ್ಟಳು. ಬಾಗಿಲಲ್ಲಿ ನಿಂತಿದ್ದ ಸಿಸ್ಟರ್ ಖುರ್ಷೀದಾಳೂ ನಕ್ಕಳು. "ಗಸಗಸೆ ಬರೋದೇ ಅಫೀಮಿನ ಕಾಯಿಂದ ಅಲ್ವೇನ್ರೀ! ಪಾಯಸ ಕುಡಿದೋರ ಯೂರಿನ್ ಹೀಗೆ ತೋರಿಸೋದು ಉಂಟು. ಎಷ್ಟು ಲೋಟ ಕುಡಿದ್ರಿ?"

"ಇಬ್ರೂ ಎರಡೆರಡು," ಎಂದು ಧನಲಕ್ಷ್ಮಿ ನಗುತ್ತ ಅಳುತ್ತ ಹೇಳಿದಳು. "ಬಯಕೆ ಆಗಿತ್ತು ಮೇಡಂ, ನಾನೇ ಕೇಳಿ ಮಾಡಿಸ್ಕೊಂಡಿದ್ದು. ಅದಕ್ಕೇ ಅಂತೀನಿ ನಾನು, ಬೆಳಿಗ್ಗೆ ಬಿಸಿಲು ಮುಖಕ್ಕೆ ಹೊಡೆಯೋವರೆಗೂ ಎಚ್ಚರನೇ ಆಗ್ಲಿಲ್ಲ. ಅಯ್ಯೋ ಅಮ್ಮಾ, ಸುಮ್‌ಸುಮ್ನೆ ನಿನ್ನ ಅಂದ್ಬಿಟ್ಟೆ."

ಎಲ್ಲರೂ ನಕ್ಕರು. ಆಂಜನಮ್ಮನೂ ನಕ್ಕಳು. ಮಗಳು ಕೇಳಿದ್ದು ಒಂದೇ ಲೋಟ. ಎರಡನೆಯದನ್ನು ಆಂಜನಮ್ಮ ತಾನಾಗಿ ತುಂಬಿ ತಂದಿದ್ದಳು, ಸಾಕು ಎಂದರೂ ಬಿಡದೆ ಹೊಟ್ಟೆಯಲ್ಲಿರೋದಕ್ಕೂ ಬೇಡ್ವಾ ಎಂದು ಮುದ್ದು ಮಾಡಿ ಕುಡಿಸಿದ್ದಳು. ಗಸಗಸೆ ಪಾಯಸ ಕುಡಿದವರು ಹೇಗೆ ನಿದ್ದೆ ಹೋಗುತ್ತಾರೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೆಳಗಾಗುವ ಹೊತ್ತಿಗೆ ಮಗಳ ಬೆರಳುಗಳು ಸಡಿಲವಾಗಿದ್ದವು. ಸೆರಗನ್ನು ಮೆಲ್ಲಗೆ ಬಿಡಿಸಿಕೊಂಡು ಅಡುಗೆ ಮನೆಗೆ ನಡೆದಿದ್ದಳು.

ಅಪವಾದ ಬಂದ ಹಾಗೆಯೇ ಹೋಯಿತು, ಹೋಗುವಾಗ ನಿಜವಾದ ಅನುಮಾನವನ್ನೂ ತನ್ನ ಜೊತೆ ಎತ್ತಿಕೊಂಡು ಹೋಯಿತು. ಡಾಕ್ಟರು ಮತ್ತೆ ಕಣ್ಣಿಗೆ ಟಾರ್ಚು ಬಿಡಲಿಲ್ಲ. ಆಕಳಿಕೆ ಶುರುವಾಗಿದೆ ಎಂದು ಸಿಸ್ಟರ್ ಹೇಳಿದಳು. ಹಾಗಿದ್ದರೆ ಸಣ್ಣ ಡೋಸಿನಿಂದ ಶುರುಮಾಡೋಣ ಎಂದು ಡಾಕ್ಟರು ಒಪ್ಪಿದಳು.

ಸಿಸ್ಟರ್ ಖುರ್ಷೀದಾ ಪಕ್ಕದ ಚಿಕ್ಕ ಕೋಣೆಯಲ್ಲಿ ಆಂಜನಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ, ಬಾಯಿ ಮುಕ್ಕಳಿಸಲು ನೀರು ಕೊಟ್ಟಳು. ಬಾಗಿಲಾಚೆ ಧನಲಕ್ಷ್ಮಿ ಅತ್ತೆಗೆ ಫೋನು ಮಾಡುತ್ತಿದ್ದದ್ದು ಚೆನ್ನಾಗಿಯೇ ಕೇಳಿಸುತ್ತಿತ್ತು.

"ಹ್ಞೂಂ ಅತ್ತೆ, ಇವತ್ತೇ ಔಷಧಿ ಶುರು. ಡಾಕ್ಟ್ರು ಒಪ್ಕೊಂಡ್ರು. ಬಾಣಂತನ ಕಲ್ಕೆರೇಲೇ ಅತ್ತೆ, ನೀವೇನೂ ಯೋಚ್ನೆ ಮಾಡ್ಬೇಡಿ. ಮಗೂಗೆ ಸ್ನಾನನೂ ಅಮ್ಮನೇ ಮಾಡಿಸ್ತಾಳೆ. ಇಲ್ಲ ಇಲ್ಲ, ನಂಗೇನೂ ಭಯ ಇಲ್ಲ ಈಗ."

ಸಿಸ್ಟರ್ ಒಂದು ಚಿಕ್ಕ ಮಾತ್ರೆಯನ್ನು ಕಾಗದದ ಮೇಲಿಟ್ಟು ಅವಳ ಅಂಗೈಗೆ ಕೊಟ್ಟಳು. "ನಾಲಿಗೆ ಎತ್ತಿ, ಕೆಳಗೆ ಇಟ್ಕೊಳ್ಳಿ ಅಮ್ಮ. ಕರಗೋವರೆಗೂ ನುಂಗ್ಬಾರ್ದು, ಮಾತಾಡ್ಬಾರ್ದು."

ಬೇಕೆಂದದ್ದು ಸಿಕ್ಕಿತ್ತು. ಇದನ್ನು ಬಾಯಿಗೆ ಹಾಕಿಕೊಂಡರೆ ಮುಗಿಯಿತು. ನಯಾಜ್ ಹೇಳಿದ ಹಾಗೆ ಆದರೆ ಆಗಲಿ, ಒಂದು ಹಗಲು ಹೊರಳಾಡಿದರಾಯಿತು, ಎರಡು ಹೆತ್ತು ಒಂದು ಉಳಿಸಿಕೊಂಡ ಮೈ ಇದು, ಇದಕ್ಕೆಲ್ಲ ಹೆದರುವುದಿಲ್ಲ. ವಾಂತಿ ಭೇದಿ ಯಾಕೆ ಎಂದು ಕೇಳಿದರೆ? ಪಾಯಸ ಅರಗಲಿಲ್ಲ ಎಂದರಾಯಿತು.

ಅಲ್ಲಿಗೆ ಆಂಜನಮ್ಮನ ಕೈ ನಿಂತಿತು. ಯಾರೂ ಕೇಳದ ಪ್ರಶ್ನೆಗೆ, ಇನ್ನೂ ಆಗದ ವಾಂತಿಗೆ, ಸುಳ್ಳು ಆಗಲೇ ಬೆಂದು ಇಳಿದು ತಟ್ಟೆಗೆ ಬಂದಾಗಿತ್ತು. ಅವಳು ಅದಕ್ಕೆ ಒಲೆ ಕೂಡ ಹಚ್ಚಿರಲಿಲ್ಲ. ನಾಳೆ ಮಗುವಿಗೆ ನೀರು ಹಾಕುವ ದಿನ ಬಂದಾಗ, ಬೆಳಿಗ್ಗೆ ಎರಡು ನುಂಗಿ ಬಂದು, ಇಲ್ಲ ಕಣೇ ಎಂದು ಇದೇ ಬಾಯಿ ಇಷ್ಟೇ ಸಲೀಸಾಗಿ ಹೇಳುತ್ತದೆ. ಮಗಳು ನಂಬುತ್ತಾಳೆ, ಅತ್ತೆಗೆ ಗ್ಯಾರಂಟಿ ಬೇರೆ ಕೊಡುತ್ತಾಳೆ. ಟವೆಲ್ ಹಿಡಿದು ಬಾಗಿಲಲ್ಲಿ ನಿಲ್ಲುವುದೂ ಇಲ್ಲ, ಈಗ ಅವಳಿಗೆ ಭಯವಿಲ್ಲವಲ್ಲ. ಆಂಜನಮ್ಮನಿಗೆ ತನ್ನನ್ನು ಕಂಡೇ ಹೆದರಿಕೆಯಾಯಿತು.

"ಸಿಸ್ಟರ್, ಇದು ವಾಪಸ್ ತಗೊಳ್ಳಿ," ಎಂದಳು. "ನನ್ ಮಗಳನ್ನ ಕರೀರಿ. ಡಾಕ್ಟ್ರನ್ನೂ ಕರೀರಿ."

ಇಬ್ಬರೂ ಬಂದರು. ಆಂಜನಮ್ಮ ನೆಲ ನೋಡುತ್ತ ಒಂದೇ ಉಸಿರಿಗೆ ಹೇಳಿದಳು. "ಬೆಳಿಗ್ಗೆ ಎರಡು ತಗೊಂಡಿದೀನಿ. ರಾಗಿ ಡಬ್ಬದಲ್ಲಿತ್ತು. ಧನೂ, ಆ ಎರಡನೇ ಲೋಟ ಪಾಯಸ ಬಯಕೆಗೆ ಅಂತ ಕೊಟ್ಟಿದ್ದಲ್ಲ. ನಿಂಗೆ ಚೆನ್ನಾಗಿ ನಿದ್ದೆ ಬರ್ಲಿ ಅಂತ ಕೊಟ್ಟೆ."

ಧನಲಕ್ಷ್ಮಿಯ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. ಅದನ್ನು ನೋಡಿದ್ದೇ ಆಂಜನಮ್ಮನ ಅಳು ಒಡೆಯಿತು. ಬಾಯಿಗೆ ಸೆರಗು ಅಡ್ಡ ಹಿಡಿದರೂ ನಿಲ್ಲಲಿಲ್ಲ.

"ಪಾಯಸದಿಂದ ಮಗೂಗೆ ಏನೂ ಆಗಲ್ಲ, ಹೆದರ್ಬೇಡಿ," ಎಂದು ಡಾಕ್ಟರ್ ಸೃಷ್ಟಿ ಧನಲಕ್ಷ್ಮಿಯ ಭುಜ ಹಿಡಿದಳು. ಧನಲಕ್ಷ್ಮಿ ಆ ಕೈಯನ್ನು ಸರಿಸಿದಳು.

"ನೀವು ಆಗ್ಲೇ ಕೇಳಿದ್ರಲ್ಲ ಡಾಕ್ಟ್ರೇ," ಎಂದು ಆಂಜನಮ್ಮ ಮೂಗು ಒರೆಸಿಕೊಂಡಳು, ಈ ಸಲ ಅದು ನಿಜವಾಗಿಯೇ ಸೋರುತ್ತಿತ್ತು. "ನನ್ನ ಮಂಡಿ ನೋವು ಹೋಗಿ ವರ್ಷಗಳಾಯ್ತು. ಆ ಮಾತ್ರೆ ನಂಗಿಷ್ಟ. ನುಂಗಿದ್ರೆ ಬಾಣಂತಿಗೆ ಎಣ್ಣೆ ಹಚ್ಚಿ ಬಿಸಿನೀರು ಹುಯ್ದಂಗೆ ಇರ್ತದೆ. ಯಾರೂ ಏನೂ ಕೇಳಲ್ಲ, ಎಲ್ಲಿಗೂ ಏಳ್ಬೇಕಾಗಿಲ್ಲ. ಸಾರು ಗೀರು ಎಲ್ಲ ಸುಳ್ಳು. ಅದೇ ಇಷ್ಟ ನಂಗೆ. ಮೊಮ್ಮಗನಿಗಿಂತ ಜಾಸ್ತಿ ಇಷ್ಟ ಆಗೋಗಿತ್ತು ಅವತ್ತು."

ಡಾಕ್ಟರು, ಇವತ್ತು ಔಷಧಿ ಕೊಡುವ ಹಾಗಿಲ್ಲ, ಸಂಜೆಯವರೆಗೂ ಇಲ್ಲೇ ಇರಿ, ಮೈ ಹೇಗಿದೆ ನೋಡಿ ಇವತ್ತೋ ನಾಳೆಯೋ ಶುರುಮಾಡೋಣ ಎಂದಳು. ಹೇಳಿದ್ದು ಒಳ್ಳೆಯದಾಯಿತು ಎಂದೂ ಅಂದಳು. ಆ ಮಾತು ಧನಲಕ್ಷ್ಮಿಯ ಕಿವಿಗೆ ಬಿದ್ದ ಹಾಗೆ ಕಾಣ‌ಲಿಲ್ಲ. ಅವಳು ವರಾಂಡಕ್ಕೆ ಬಂದು, ಕಂಬಕ್ಕೆ ಒರಗಿ, ಮತ್ತೆ ಅತ್ತೆಗೆ ಫೋನು ಹಚ್ಚಿದಳು. ದನಿ ತಗ್ಗಿಸಲಿಲ್ಲ.

"ಅತ್ತೆ, ನಾನು ಆಗ್ಲೇ ಹೇಳಿದ್ದು ಬಿಟ್ಬಿಡಿ. ಬಾಣಂತನ ನಿಮ್ಮನೇಲೇ. ಸ್ನಾನ ನೀವೇ ಮಾಡಿಸ್ಬೇಕಾಗತ್ತೆ. ಅಮ್ಮನಿಗೆ ಹುಷಾರಿಲ್ಲ. ಹೌದು, ಇಲ್ಲೀವರೆಗೂ ನಾನೂ ಸರಿಯಾಗಿ ತಿಳ್ಕೊಂಡಿರ್ಲಿಲ್ಲ. ತುಂಬಾನೇ ಹುಷಾರಿಲ್ಲ."

ಆಂಜನಮ್ಮ ಬೆಂಚಿನ ತುದಿಯಲ್ಲಿ ಕೂತು ಪ್ರತಿ ಮಾತನ್ನೂ ಕೇಳಿಸಿಕೊಂಡಳು. ನಿಜ ಹೇಳಿದರೆ ಮನಸ್ಸು ಹಗುರವಾಗುತ್ತದೆ ಎನ್ನುವವರು ಇಂಥ ನಿಜ ಹೇಳಿ ನೋಡಿಲ್ಲ. ಕಾಲು ತಾನಾಗಿಯೇ ಅಲ್ಲಾಡತೊಡಗಿತ್ತು. ಬೆನ್ನುಮೂಳೆಯೊಳಗೆ ಯಾರೋ ತಣ್ಣೀರು ಬಿಟ್ಟಂತಿತ್ತು. ನಯಾಜ್ ತನ್ನ ಔಷಧಿ ತೆಗೆದುಕೊಂಡು, ಅವಳ ಕಡೆ ಒಮ್ಮೆ ನೋಡಿ, ಏನೂ ಕೇಳದೆ ಹೊರಟುಹೋದ.

ಧನಲಕ್ಷ್ಮಿ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಎದುರಿನ ಗೇಟನ್ನು ನೋಡುತ್ತಲೇ ಹೇಳಿದಳು. "ನೀನು ಹುಷಾರಾದ್ರೆ ಆಮೇಲೆ ನೋಡಣ. ಹುಟ್ಟಿದ ಮೇಲೂ ಮಗು ಎಲ್ಲೂ ಓಡೋಗಲ್ಲ. ಆದ್ರೆ ಈಗ್ಲೇ ನಾನು ಮಾತು ಕೊಡಲ್ಲ."

"ಬೇಡ," ಎಂದಳು ಆಂಜನಮ್ಮ. "ಕೊಡ್ಬೇಡ."

"ಹೋಗಿ ಕಾಫಿ ಕುಡ್ಕೊಂಡ್ ಬಾ. ಮೂಲೇಲಿ ಹೋಟ್ಲಿದೆ. ನಂಗೆ ಸ್ವಲ್ಪ ಹೊತ್ತು ನಿನ್ ಮುಖ ನೋಡೋಕಾಗಲ್ಲ."

ಆಂಜನಮ್ಮ ಎದ್ದಳು. ಮೆಟ್ಟಿಲಿಳಿದು ಗೇಟಿನ ಹತ್ತಿರ ಬಂದಳು. ರಸ್ತೆಯ ಮೂಲೆಯಲ್ಲಿ ಹೋಟೆಲು ಕಂಡಿತು, ಅದರ ಪಕ್ಕದಲ್ಲೇ ಮೆಡಿಕಲ್ ಅಂಗಡಿಯೂ ಕಂಡಿತು. ಕೌಂಟರಿನ ಹಿಂದೆ ಒಬ್ಬನೇ ಮೊಬೈಲು ನೋಡುತ್ತ ಕೂತಿದ್ದ, ಗಿರಾಕಿಗಳಿರಲಿಲ್ಲ. ಅವನ ಹತ್ತಿರ ಏನು ಹೇಳಬೇಕು, ಹೇಗೆ ಹೇಳಬೇಕು, ಯಾವ ಕಾಲನ್ನು ಕುಂಟಬೇಕು, ಎಲ್ಲವೂ ಅವಳಿಗೆ ಗೊತ್ತಿತ್ತು. ಕೈ ಆಗಲೇ ಗೇಟಿನ ಚಿಲಕದ ಮೇಲಿತ್ತು.

ಅವಳು ಅಲ್ಲಿಂದ ವಾಪಸ್ಸು ಬಂದಳು. ಮಗಳ ಮುಂದೆ ನಿಂತಳು.

"ಧನೂ, ನನ್ನ ಒಬ್ಬಳನ್ನೇ ಕಳಿಸ್ಬೇಡ ಕಣೇ."

"ಯಾಕೆ?"

"ಹೋಟ್ಲು ಪಕ್ಕ ಮೆಡಿಕಲ್ ಇದೆ."

ಧನಲಕ್ಷ್ಮಿ ತಲೆಯೆತ್ತಿ ಅಮ್ಮನ ಮುಖ ನೋಡಿದಳು. ಆಮೇಲೆ ಒಂದು ಕೈ ಸೊಂಟಕ್ಕೆ ಕೊಟ್ಟು, ಒಂದು ಕೈ ಬೆಂಚಿಗೆ ಊರಿ, ನಿಧಾನವಾಗಿ ಎದ್ದಳು. ಅಮ್ಮನ ಕೈ ಹಿಡಿಯಲಿಲ್ಲ. ಇಬ್ಬರೂ ಗೇಟು ದಾಟಿ ರಸ್ತೆಗಿಳಿದರು. ಅಂಗಡಿ ಹತ್ತಿರವಾದಾಗ ಧನಲಕ್ಷ್ಮಿ ಅಮ್ಮನನ್ನು ರಸ್ತೆಯ ಕಡೆಗೆ ಸರಿಸಿ, ಅಂಗಡಿಯಿದ್ದ ಕಡೆ ತಾನು ನಡೆದಳು.